ಬಾತುಕೋಳಿಗೆ ಕೆಂಪು ಬಿಲ್ಲೆ

ಪ್ರಾಯ ಇಳಿದಂತೆಲ್ಲ ಅಭಿಪ್ರಾಯ ಏರುತ್ತದೆ ಎನ್ನುವುದಕ್ಕೆ ಮಾವನೇ ಸಾಕ್ಷಿ. ಬಾತುಕೋಳಿ ಆಟ ತಯಾರಿಸುವ ಕಾರ್ಖಾನೆಗೆ ಯಜಮಾನರು, ಇಬ್ಬರು ಗಂಡುಮಕ್ಕಳಿಗೆ ಅಪ್ಪ, ಇಬ್ಬರು ಸೊಸೆಯರಿಗೆ ಮಾವ. ಇಷ್ಟೆಲ್ಲ ಆಗಿಯೂ, ತಾನು ಎಲ್ಲರಂತಲ್ಲ ಎನ್ನುವುದನ್ನು ಜಗತ್ತು ಇನ್ನೂ ಗಮನಿಸಿಲ್ಲವಲ್ಲ ಎಂಬ ಕೊರಗು ಅವರಿಗೆ. ಆ ಕೊರಗಿಗೆ ಮದ್ದಾಗಿ ಅವರೇ ಒಂದು ಹೊಸ ಆಟ ಕಂಡುಹಿಡಿದರು. ಹೆಸರು ‘ಒಪ್ಪಲ್ಲ!’

ಆಟ ಸರಳ. ಯಾರೂ ಒಪ್ಪದಂಥ ಒಂದು ಅಭಿಪ್ರಾಯ ಹೇಳಬೇಕು. ಆಟದ ಬಗ್ಗೆ, ಸಿನಿಮಾದ ಬಗ್ಗೆ, ಹಾಸಿಗೆ ಹೊದಿಕೆಯ ಬಗ್ಗೆ, ಯಾವುದಾದರೂ ಸರಿ. ಉಳಿದವರು ಒಪ್ಪಿದರೆ ಹಸಿರು ಬಿಲ್ಲೆ ಇಡಬೇಕು, ಒಪ್ಪದಿದ್ದರೆ ಕೆಂಪು. ಕೆಂಪು ಹೆಚ್ಚಿದಷ್ಟೂ ಹೇಳಿದವರಿಗೆ ಅಂಕ ಹೆಚ್ಚು. ಅಷ್ಟೂ ಕೆಂಪಾದರೆ ಚಿನ್ನದ ಬಣ್ಣದ ರಟ್ಟಿನ ಕಿರೀಟ.

ಆಟದ ನಿಯಮಗಳನ್ನು ಬರೆದುಕೊಟ್ಟವಳು ಹಿರಿಯ ಸೊಸೆ. ಬಾತುಕೋಳಿಗಳಿಗೆ ಕಣ್ಣಿಡುವವಳೂ ಅವಳೇ. ಯಂತ್ರದಿಂದ ಬಾತುಕೋಳಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಬಿಸಿಬಿಸಿಯಾಗಿ ಬೀಳುತ್ತವೆ. ಅವನ್ನು ಬಿಡಿಸಿ, ಅಂಚು ಕೆರೆದು, ಬಣ್ಣದ ಕೋಣೆಯ ಹೆಂಗಸರು ಕೊಕ್ಕಿಗೆ ಕಿತ್ತಳೆ ಬಳಿಯುತ್ತಾರೆ. ಕೊನೆಗೆ ಸೊಸೆ ಸಣ್ಣ ಕುಂಚದ ತುದಿಯಿಂದ ಕಪ್ಪು ಚುಕ್ಕಿ ಇಡುತ್ತಾಳೆ. ಆ ಚುಕ್ಕಿ ಬಿದ್ದ ಮೇಲೆಯೇ ಪ್ಲಾಸ್ಟಿಕ್ಕು ಬಾತುಕೋಳಿಯಾಗುವುದು. ದಾಳ ಉರುಳಿಸಿ ಬಾತುಕೋಳಿಯನ್ನು ಕೊಳಕ್ಕಿಳಿಸುವ ಈ ಆಟವನ್ನು ಮಾತು ಬಾರದ ಮಗುವೂ ಆಡುತ್ತದೆ, ಮಾತು ಬಿಟ್ಟ ಗಂಡಹೆಂಡಿರೂ ಆಡುತ್ತಾರೆ.

ಕಾರ್ಖಾನೆಯಲ್ಲಿ ಯಂತ್ರ ಒಂದೇ. ಬಿಲ್ಲೆಯ ಅಚ್ಚು ಕೂರಬೇಕಾದರೆ ಬಾತುಕೋಳಿಯ ಅಚ್ಚು ಏಳಬೇಕು. ಎದ್ದ ಅಚ್ಚನ್ನು ಮೂಲೆಯಲ್ಲಿಟ್ಟು ಬಟ್ಟೆ ಹೊದಿಸಬಹುದಿತ್ತು. ಮಾವ ಮಾತ್ರ ಅದನ್ನು ಕೊಂಡೊಯ್ಯಲು ಗುಜರಿಯವನಿಗೆ ಸೋಮವಾರ ಬರಹೇಳಿಬಿಟ್ಟಿದ್ದರು.

“ಹಳೇದು ಕಣ್ಣೆದುರಿಗೆ ಕೂತಿದ್ರೆ ಹೊಸದು ಏಳ್ಗೆ ಆಗಲ್ಲ” ಎಂದಿದ್ದರು.

ಬಿಲ್ಲೆಗೆ ಕೊಕ್ಕಿಲ್ಲ, ಕಣ್ಣಿಲ್ಲ. ಅಂದಮೇಲೆ ಬಣ್ಣದ ಕೋಣೆಗೂ ಬೀಗ. ಅಲ್ಲಿನ ಹಿರಿಯಳಿಗೆ ಕೊಕ್ಕಕ್ಕ ಎಂದೇ ಹೆಸರು ಬಿದ್ದಿತ್ತು. ಶನಿವಾರ ಅವಳು ಕುಂಚ ತೊಳೆಯುತ್ತ ಕೇಳಿದಳು: “ಅಮ್ಮಾವ್ರೇ, ನೀವೊಂದು ಮಾತು ಹೇಳಿ ನೋಡಬಾರದಾ? ನಮ್ಮ ಮಾತು ಬಿಡಿ, ಯಂತ್ರದ ಸದ್ದಿನಲ್ಲಿ ಕೇಳಿಸಲ್ಲ.”

“ನಾಳೆ ಮನೇಲಿ ಕೊನೇ ಸಲ ಆಡಿ ನೋಡ್ತಾರೆ ಕೊಕ್ಕಕ್ಕ. ಹೇಳ್ತೀನಿ. ಅಚ್ಚು ಹೋಗೋಕೆ ಬಿಡಲ್ಲ” ಎಂದಳು ಸೊಸೆ. ಹೇಳಿದ ಮೇಲೆ, ಇಷ್ಟು ದೊಡ್ಡ ಮಾತು ಯಾಕೆ ಆಡಿದೆ ಎನ್ನಿಸಿತು.

ಏಕೆಂದರೆ ಹಿಂದಿನ ಭಾನುವಾರದ ಮೊದಲ ಪರೀಕ್ಷೆ ಅವಳಿಗೆ ನೆನಪಿತ್ತು. ಅವತ್ತು ಊಟದ ಮೇಜು ಒರೆಸಿ ಆಟ ಹರಡಿದ ಕೂಡಲೇ ಮಾವ ಗಂಟಲು ಸರಿಮಾಡಿಕೊಂಡು ಹೇಳಿದ್ದರು: “ತಲೆದಿಂಬು ಅನ್ನೋದು ನಾವು ತಲೆಗೆ ಕೊಡೋ ಲಂಚ. ಅದಿಲ್ಲದೆ ಮಲಗೋನೇ ಮನುಷ್ಯ.”

ಟಪಟಪ ಹಸಿರು ಬಿದ್ದವು. ಮಾರಾಟ ನೋಡಿಕೊಳ್ಳುವ ಕಿರಿಯ ಮಗನಂತೂ ಎದ್ದೇ ನಿಂತ. “ಎಂಥಾ ಮಾತು ಅಪ್ಪ! ನಾನು ಇವತ್ತಿಂದಾನೇ ದಿಂಬು ಬಿಟ್ಟೆ.” ಬಿಟ್ಟೂ ಬಿಟ್ಟ. ಮರುದಿನ ಅವನ ಕತ್ತು ಎಡಕ್ಕೆ ತಿರುಗಿ ಅಲ್ಲೇ ಕಚ್ಚಿಕೊಂಡಿತು. ವಾರವಿಡೀ ಅವನು ಅಂಗಡಿಯವರ ಎದುರು ಕೂತು ಪಕ್ಕದ ಗೋಡೆಯ ಜೊತೆ ವ್ಯಾಪಾರ ಮಾತಾಡಿದ.

“ಛತ್ರಿ ಹಿಡಿಯೋನು ಹೇಡಿ” ಎಂದರು ಮಾವ ಎರಡನೇ ಸುತ್ತಿನಲ್ಲಿ.

ಮತ್ತೆ ಹಸಿರೋ ಹಸಿರು. ಹಿರಿಯ ಸೊಸೆಯ ಬಿಲ್ಲೆಯೊಂದೇ ಕೆಂಪು.

“ಯಾಕಮ್ಮ?” ಮಾವನ ಹುಬ್ಬು ಮೇಲೇರಿತು.

“ನಿನ್ನೆ ಮಳೆ ಬಂದಾಗ ನನ್ನ ಛತ್ರಿ ತಗೊಂಡು ಹೋದ್ರಲ್ಲ ಮಾವ.”

ಇಡೀ ಆಟದಲ್ಲಿ ಮಾವನಿಗೆ ಸಿಕ್ಕ ಒಂದೇ ಅಂಕ ಅದು. ಕೊಟ್ಟವಳನ್ನೇ ಅವರು ಆಟ ಮುಗಿಯುವವರೆಗೆ ದುರುಗುಟ್ಟಿ ನೋಡಿದರು. ಅವರಿಗೆ ಗೆಲುವೂ ಬೇಕು, ಎದುರು ಮಾತೂ ಬೇಡ. ಆಟ ಕಂಡುಹಿಡಿದವರೇ ಆಟದಲ್ಲಿ ಕೊನೆಯವರಾಗಿ, ಪಾಯಸಕ್ಕೂ ನಿಲ್ಲದೆ ಎದ್ದುಹೋದರು.

ಈ ಭಾನುವಾರ ಮಧ್ಯಾಹ್ನ ಕಿರಿಯ ಮಗ ವಾರೆ ಕತ್ತಿನಲ್ಲೇ ಅಡುಗೆಮನೆಗೆ ಬಂದು, ಗೋಡೆಗೆ ಹೇಳುವಂತೆ ಎಲ್ಲರಿಗೂ ಗುಟ್ಟು ಹೇಳಿದ. “ನಾವು ಪೆದ್ದರು. ಹೂಂ ಅಂದಷ್ಟೂ ಅಪ್ಪ ಸೋಲ್ತಾರೆ. ಇವತ್ತು ಅವರು ಏನೇ ಹೇಳ್ಲಿ, ಕೆಂಪು ಹಾಕಿ. ಈ ಆಟದಲ್ಲಿ ಕೆಂಪೇ ಮರ್ಯಾದೆ.”

“ಅಂದ್ರೆ ಒಪ್ಪಿದ್ರೂ ಕೆಂಪಾ?” ಅವನ ಹೆಂಡತಿ ಕೇಳಿದಳು.

“ಒಪ್ಪೋದು ಬಿಡೋದು ಯಾರಿಗೆ ಬೇಕೇ? ಅಪ್ಪನ ಮುಖ ನೋಡು, ಬಿಲ್ಲೆ ಇಡು. ಅತ್ತಿಗೆ, ನಿಮಗೂ ಸೇರಿಸಿ ಹೇಳ್ತಿದೀನಿ.”

“ನಾನೇ ಬರೆದ ನಿಯಮ ಕಣಪ್ಪ” ಎಂದಳು ಹಿರಿಯ ಸೊಸೆ. “ಅನ್ನಿಸಿದ್ದನ್ನೇ ಹಾಕಬೇಕು ಅಂತ ಮೊದಲನೇ ಸಾಲಲ್ಲೇ ಬರೆದಿದೀನಿ.”

“ಮೊದಲನೇ ಸಾಲು ಯಾರು ಓದ್ತಾರೆ ಅತ್ತಿಗೆ?”

ಆಟ ಶುರುವಾಯಿತು. ಮೊದಲ ಸರದಿ ಕಿರಿಯ ಸೊಸೆಯದು. “ಧಾರಾವಾಹಿಯ ಕೊನೇ ಕಂತು ಮೊದಲು ನೋಡ್ಬೇಕು. ಯಾರು ಸಾಯ್ತಾರೆ ಅಂತ ಗೊತ್ತಿದ್ರೆ ಅವರ ಮೇಲೆ ಪ್ರೀತಿ ಇಡೋ ಶ್ರಮ ಉಳಿಯುತ್ತೆ.”

“ಮದುವೆಗೆ ಮುಂಚೆ ನನ್ನ ಬಗ್ಗೆನೂ ಹೀಗೇ ವಿಚಾರಿಸಿದ್ಯಾ?” ಎಂದ ಅವಳ ಗಂಡ, ಕಿಟಕಿ ನೋಡುತ್ತ.

ಡಬ್ಬಿ ಮುದ್ರಿಸುವ ವಿಭಾಗ ನೋಡಿಕೊಳ್ಳುವ ಹಿರಿಯ ಮಗನ ಸರದಿ ಬಂತು. ಅವನಿಗೆ ಮಾತು ಕಡಿಮೆ, ಇದ್ದ ಮಾತಿಗೂ ಧೈರ್ಯ ಕಡಿಮೆ. “ಬೆಳಿಗ್ಗೆ ಬೇಗ ಏಳೋರು ಶಿಸ್ತಿನವರಲ್ಲ, ಜಂಬದವರು” ಎಂದುಬಿಟ್ಟ. ಅಪ್ಪ ಕೋಳಿಗಿಂತ ಮೊದಲು ಏಳುವವರು ಎಂದು ನೆನಪಾಗಿ, “ಅಪ್ಪನ್ನ ಬಿಟ್ಟು. ಅಪ್ಪನ್ನ ಬಿಟ್ಟು ಹೇಳಿದ್ದು” ಎಂದು ತನ್ನ ಅಭಿಪ್ರಾಯಕ್ಕೆ ತಾನೇ ಮೊದಲ ಕೆಂಪು ಬಿಲ್ಲೆ ಇಟ್ಟ.

ಅತ್ತೆ ಹೆಣಿಗೆಯ ಕಡ್ಡಿ ಮಡಿಲಲ್ಲಿಟ್ಟು ಹೇಳಿದರು: “ಮಕ್ಕಳ ಜೊತೆ ಆಡುವಾಗ ಬೇಕಂತ ಸೋಲೋದಿದೆಯಲ್ಲ, ಅದು ಮೋಸ. ನಾನು ಯಾವತ್ತೂ ಸೋತಿಲ್ಲ. ಈ ಇಬ್ಬರೂ ಚಿಕ್ಕವರಿದ್ದಾಗ ಇದೇ ಬಾತುಕೋಳಿ ಆಟದಲ್ಲಿ ಸೋಲಿಸಿ ಸೋಲಿಸಿ ಅಳಿಸಿದೀನಿ.”

“ಅದಕ್ಕೇ ಇವರು ಹೀಗಾಗಿರೋದು” ಎಂದರು ಮಾವ. ಆಮೇಲೆ ತೋಳು ಮಡಚಿದರು. “ಈಗ ನನ್ನದು ಕೇಳಿ. ಸಿನಿಮಾಗೆ ಕಥೆ ಬೇಕಿಲ್ಲ. ಕೂರೋ ಕುರ್ಚಿ ಚೆನ್ನಾಗಿದ್ರೆ ಸಾಕು.”

ಕೆಂಪು, ಕೆಂಪು, ಕೆಂಪು, ಕೆಂಪು. ಕಿರಿಯವನು ಬಿಲ್ಲೆಯನ್ನು ಇಡಲಿಲ್ಲ, ಕುಟ್ಟಿದ. “ಛೆ ಛೆ, ಒಪ್ಪೋಕೇ ಆಗಲ್ಲ ಅಪ್ಪ! ಇಂಥದ್ದನ್ನ ನೀವೊಬ್ಬರೇ ಯೋಚನೆ ಮಾಡೋಕೆ ಸಾಧ್ಯ!” ಮಾವನ ಮುಖ ಅರಳಿತು. ಆಗ ಹಿರಿಯ ಸೊಸೆ ತನ್ನದನ್ನಿಟ್ಟಳು. ಹಸಿರು.

“ನನಗೂ ಹಂಗೇ ಅನ್ಸುತ್ತೆ ಮಾವ. ಹೋದ ಸಲ ಕಥೆ ಚೆನ್ನಾಗೇ ಇತ್ತು, ಬೆನ್ನು ಹೋಯ್ತು.”

“ನೀನು ಯಾವಾಗ್ಲೂ ಉಲ್ಟಾ!” ಮಾವ ಕಿರೀಟದತ್ತ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡರು. ಎದುರಾಡಿದರೂ ತಪ್ಪು, ಒಪ್ಪಿದರೂ ತಪ್ಪು. ನಿಜ ಹೇಳುವವರಿಗೆ ಆ ಮೇಜಿನಲ್ಲಿ ಎರಡು ಬಣ್ಣವೂ ಕಮ್ಮಿ ಬೀಳುತ್ತಿದ್ದವು.

ಮುಂದಿನ ಸುತ್ತುಗಳು ಮಾವನ ಜೈತ್ರಯಾತ್ರೆ. ಮಂಚ ಗೋಡೆಗೆ ತಾಗಿರಬಾರದು ಎಂದರು, ಕೆಂಪು. ಚದುರಂಗ ಆಡುವವರಿಗೆ ಬುದ್ಧಿಯಿಲ್ಲ, ಪುರುಸೊತ್ತಿದೆ ಅಷ್ಟೇ ಎಂದರು, ಕೆಂಪು. ಹಿರಿಯ ಸೊಸೆ ಒಂದೊಂದಕ್ಕೂ ಯೋಚಿಸಿ ಯೋಚಿಸಿ ಒಮ್ಮೆ ಕೆಂಪು, ಒಮ್ಮೆ ಹಸಿರು ಇಡುತ್ತಿದ್ದಳು. ಉಳಿದವರ ಕೈಗೆ ಯೋಚನೆಯ ಗೊಡವೆಯೇ ಇರಲಿಲ್ಲ. ಮಾವನ ಬಾಯಿ ಮುಚ್ಚಿದೊಡನೆ ಬೆರಳು ತಾನಾಗಿ ಕೆಂಪಿಗೆ ಹೋಗುತ್ತಿತ್ತು.

ಗೆಲುವು ನೆತ್ತಿಗೇರಿದ ಮಾವ ಎದ್ದು ನಿಂತರು. ಆಟದ ಮಾದರಿ ಡಬ್ಬಿಯನ್ನು ಎದೆಗಪ್ಪಿಕೊಂಡರು. ಕಣ್ಣು ತೇವವಾಗಿತ್ತು.

“ನನ್ನ ಕೊನೇ ಅಭಿಪ್ರಾಯ. ಈ ‘ಒಪ್ಪಲ್ಲ!’ ನಮ್ಮ ಕಾರ್ಖಾನೆ ಮಾಡಿದ ಅತ್ಯುತ್ತಮ ಆಟ. ಇದು ಮನೆಮನೆಗೂ ಹೋಗುತ್ತೆ. ಬಾತುಕೋಳೀನ ಜನ ಮರೆತೇ ಬಿಡ್ತಾರೆ.”

ಟಪ್. ಟಪ್. ಟಪ್. ಟಪ್.

ನಾಲ್ಕೂ ಕೆಂಪು. ಹಿರಿಯ ಸೊಸೆ ಒಂದು ಉಸಿರು ಎಳೆದುಕೊಂಡು ತನ್ನದನ್ನೂ ಇಟ್ಟಳು. ಅದೂ ಕೆಂಪು.

“ಕಿರೀಟ! ಅಪ್ಪನಿಗೆ ಕಿರೀಟ!” ಕಿರಿಯವನು ಚಪ್ಪಾಳೆ ತಟ್ಟಿದ. ಎರಡನೇ ಚಪ್ಪಾಳೆಗೆ ಎರಡೂ ಕೈ ಅರ್ಧದಲ್ಲೇ ನಿಂತವು. ಕಚ್ಚಿಕೊಂಡಿದ್ದ ಅವನ ಕತ್ತು, ವಾರದಲ್ಲಿ ಮೊದಲ ಬಾರಿಗೆ, ನೇರವಾಗಿ ಅಪ್ಪನ ಕಡೆ ತಿರುಗಿತು.

ಮಾವ ಮೇಜನ್ನೇ ನೋಡುತ್ತಿದ್ದರು. “ಅಂದ್ರೆ... ಒಬ್ಬರಿಗೂ ಇಷ್ಟ ಇಲ್ವಾ?”

“ಅಯ್ಯೋ, ಹಂಗಲ್ಲ ಅಪ್ಪ, ಅದು ಗೌರವಕ್ಕೆ ಹಾಕಿದ್ದು.”

“ಗೌರವಕ್ಕಾ? ನನ್ನ ಆಟ ಕೆಟ್ಟದಾಗಿದೆ ಅಂತ ಗೌರವಕ್ಕೆ ಹೇಳ್ತೀರೇನೋ?”

“ಅಂದ್ರೆ ನೀವು ಗೆಲ್ಲಲಿ ಅಂತ...”

“ಹಾಗಾದ್ರೆ ಮಂಚದ್ದು? ಚದುರಂಗದ್ದು? ದಿಂಬಿನ ಹಸಿರು?” ಮಾವ ಹಿರಿಯ ಸೊಸೆಯ ಕಡೆ ತಿರುಗಿದರು. “ನಿಂದೂ ಗೌರವಾನೇನಮ್ಮ?”

“ಇಲ್ಲ ಮಾವ. ನಂದು ನಿಜ.” ಅವಳ ಗಂಡ ಮೇಜಿನ ಕೆಳಗೆ ಅವಳ ಕಾಲು ತುಳಿದ. ಅವಳು ಕಾಲು ಎಳೆದುಕೊಂಡು ಮುಂದುವರಿಸಿದಳು. “ಒಬ್ಬರಿಗೊಬ್ಬರು ಹೆದರದ ಮನೆಯಿದ್ರೆ ಈ ಆಟ ಆಡಬಹುದು. ಅಂಥ ಮನೆ ಹುಡುಕ್ಕೊಂಡು ಮೈದುನ ಎಲ್ಲಿಗೆ ಅಂತ ಹೋಗ್ತಾನೆ? ನಮ್ಮನೇಲೇ ನಡೀಲಿಲ್ಲ. ಬಾತುಕೋಳಿಗಾದ್ರೆ ಒಂದು ಮೇಜು ಸಾಕು. ಆ ಅಚ್ಚು ಕೊಡಬೇಡಿ ಮಾವ.”

“ನಂದೂ ನಿಜಾನೇ ರೀ” ಎಂದರು ಅತ್ತೆ, ಹೆಣಿಗೆಯಿಂದ ಕಣ್ಣೆತ್ತದೆ.

ಮಾವ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಬಾಗಿಲ ತನಕ ಹೋದರು, ವಾಪಸು ಬಂದರು, ಕೂತರು. ಸೋತೆ ಎನ್ನಲು ಬಾರದ ಮನುಷ್ಯ ಗೆಲ್ಲಲು ಬೇರೆ ದಾರಿ ಹುಡುಕುತ್ತಿರುವುದು ಮುಖದ ಮೇಲೇ ಕಾಣುತ್ತಿತ್ತು. ಸಿಕ್ಕಿದ್ದೂ ಕಾಣಿಸಿತು.

“ಬಿಲ್ಲೆ ಎತ್ಕೊಳ್ಳಿ. ಇನ್ನೊಂದು ಅಭಿಪ್ರಾಯ ಇದೆ” ಎಂದರು. “ಹೊಸ ಆಟ ಗಿಟ ಏನೂ ಬೇಡ. ಬಾತುಕೋಳಿನೇ ನಮ್ಮ ಅನ್ನ. ಆ ಅಚ್ಚು ಯಾರೂ ಮುಟ್ಟೋ ಹಾಗಿಲ್ಲ.”

ಹಿರಿಯ ಸೊಸೆಯ ಕೈ ಹಸಿರಿನ ಮೇಲೆ ಹಾರಿತು.

“ತಾಳು” ಎಂದರು ಮಾವ. “ಒಂದೇ ಒಂದು ಹಸಿರು ಬಿದ್ರೂ, ಎಲ್ಲರೂ ಹೇಳೋದನ್ನೇ ನಾನೂ ಹೇಳ್ದೆ ಅಂತಾಗುತ್ತೆ. ಅಂಥ ಮಾತು ನಾನು ಆಡೋದೇ ಇಲ್ಲ. ಹಿಂದಕ್ಕೆ ತಗೋತೀನಿ. ನಾಳೆ ಗುಜರಿಯವನು ಬರ್ತಾನೆ, ಅಚ್ಚು ಹೋಗುತ್ತೆ. ಈಗ ಹಾಕಿ.”

ಕಿರಿಯವನಿಗೆ ಇದಕ್ಕಿಂತ ಸ್ಪಷ್ಟವಾದ ಅಪ್ಪಣೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಕೆಂಪು. ಅವನ ಹೆಂಡತಿ ಕೆಂಪು. ಹಿರಿಯ ಮಗ ಹೆಂಡತಿಯ ಮುಖ ನೋಡದೆ ಕೆಂಪು.

ಅತ್ತೆ ಬಹಳ ಹೊತ್ತು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದರು. ಗಂಡನನ್ನು ನೋಡಿದರು. “ಮಕ್ಕಳ ಜೊತೆ ಬೇಕಂತ ಸೋತವಳಲ್ಲ ನಾನು” ಎಂದರು. “ಇದೊಂದ್ಸಲ.” ಕೆಂಪು ಇಟ್ಟು, ನೀನೂ ಇಡು ಎಂಬಂತೆ ಹಿರಿಯ ಸೊಸೆಯ ಕಡೆ ತಲೆಯಾಡಿಸಿದರು.

ಸೊಸೆಯ ಬೆರಳು ಹಸಿರಿನ ಮೇಲೆಯೇ ಇತ್ತು. ಈ ಆಟದಲ್ಲಿ ಅವಳು ಒಂದೂ ಸುಳ್ಳು ಬಿಲ್ಲೆ ಇಟ್ಟಿರಲಿಲ್ಲ. ಮೊದಲನೇ ಸಾಲು ಅವಳದೇ ಕೈಬರಹ. ಹಸಿರು ಬಿಟ್ಟಳು, ಕೆಂಪು ತೆಗೆದಳು, ಬಾತುಕೋಳಿಯ ಮೇಲೆ ತನಗಿದ್ದ ಪ್ರೀತಿಗೆಲ್ಲ ‘ಒಪ್ಪಲ್ಲ’ ಎಂದು ಮೇಜಿನ ಮೇಲಿಟ್ಟಳು.

“ನೋಡಿದ್ರಾ!” ಮಾವ ಕಿರೀಟ ಎತ್ತಿ ತಾವೇ ತಲೆಗಿಟ್ಟುಕೊಂಡರು. “ಇಡೀ ಮನೆ ಒಂದು ಕಡೆ, ನಾನೊಬ್ಬ ಒಂದು ಕಡೆ!”

ಸೋಮವಾರ ಗುಜರಿಯವನು ಖಾಲಿ ಗಾಡಿ ತಳ್ಳಿಕೊಂಡು ವಾಪಸು ಹೋದ. ಮಾವ ಕಿರೀಟದ ಸಮೇತ ಬಣ್ಣದ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು. “ನಿಮ್ಮ ಬಾತುಕೋಳಿ ಬೇಡ ಅಂತ ಮನೆಯವರೆಲ್ಲ ಕೆಂಪು ಹಾಕಿದ್ರಮ್ಮ. ನಾನು ಬಿಡಲಿಲ್ಲ!”

“ಅಮ್ಮಾವ್ರೂನಾ?” ಕೊಕ್ಕಕ್ಕ ಕೇಳಿದಳು.

“ಅವಳೂ ಹಾಕಿದ್ಲು. ಕೇಳಿ ನೋಡಿ.”

ಕೊಕ್ಕಕ್ಕ ಹಿರಿಯ ಸೊಸೆಯನ್ನು ನೋಡಿದಳು. ಅವಳು ಹೌದೆಂದು ತಲೆಯಾಡಿಸಿದಳು. ಮಾವ ಬಾಗಿಲಲ್ಲೇ ನಿಂತಿದ್ದರು. ವಿವರಿಸಲು ಹೋದರೆ ಗುಜರಿಯವನನ್ನು ವಾಪಸು ಕರೆದಾರು, ಗಾಡಿ ಇನ್ನೂ ಬೀದಿಯ ತಿರುವು ದಾಟಿರಲಿಲ್ಲ. ಆ ದಿನ ಚಹಾ ಬಂದಾಗ ಹೆಂಗಸರು ಯಜಮಾನರಿಗೆ ಕೆನೆ ಹಾಕಿ ಕೊಟ್ಟರು. ಅಮ್ಮಾವರ ಲೋಟ ತಟ್ಟೆಯಲ್ಲಿ ಇರಲೇ ಇಲ್ಲ.

ಬಾತುಕೋಳಿ ಆಟದ ಡಬ್ಬಿಯ ಮುಚ್ಚಳದ ಮೇಲೆ ಇನ್ನು ತಮ್ಮ ಚಿತ್ರ ಇರಬೇಕು ಎಂದರು ಮಾವ. ಕಿರೀಟ ಇಟ್ಟುಕೊಂಡದ್ದೇ ಇರಲಿ, ಕೆಳಗೆ ‘ಬಾತುಕೋಳಿಯನ್ನು ಉಳಿಸಿದವರು’ ಎಂದು ಬರೆಸಿ. ಹಿರಿಯ ಮಗ ಹೂಂ ಎಂದ, ಮುದ್ರಿಸಿದ.

ಹಿರಿಯ ಸೊಸೆ ತನ್ನ ಮೂಲೆಯಲ್ಲಿ ಕೂತು ಕುಂಚ ಅದ್ದಿದಳು. ಇಷ್ಟು ದಿನ ಚುಕ್ಕಿ ಕಣ್ಣಿನ ನಟ್ಟನಡುವೆ ಬೀಳುತ್ತಿತ್ತು. ಹೊಸ ಮುಚ್ಚಳ ಬಂದ ದಿನ ಕೊಂಚ ಪಕ್ಕಕ್ಕೆ, ಕೊಂಚ ಮೇಲಕ್ಕೆ ಇಟ್ಟಳು. ಒಣಗಿದ ಬಾತುಕೋಳಿಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಪಕ್ಕಕ್ಕಿಟ್ಟಾಗ, ಅಷ್ಟೂ ಬಾತುಕೋಳಿಗಳು ಓರೆಗಣ್ಣಿನಲ್ಲಿ ಮುಚ್ಚಳದ ಮಾವನನ್ನು ನೋಡುತ್ತಿದ್ದವು.

ಮಾವ ಒಂದು ಡಬ್ಬಿ ಎತ್ತಿ ಹಿಡಿದು ನೋಡಿದರು. “ಅರೆ, ಎಲ್ಲವೂ ನನ್ನನ್ನೇ ನೋಡ್ತಿವೆ ಕಣಮ್ಮ!” ಎಂದು ಹಿಗ್ಗಿದರು. “ಇನ್ಮುಂದೆ ಹೀಗೇ ಮಾಡು.”

“ಆಯ್ತು ಮಾವ” ಎಂದು ಅವಳು ಮುಂದಿನ ಬಾತುಕೋಳಿ ಎತ್ತಿಕೊಂಡಳು.