ಗಾಳಿ ಏಳಲ್ವಾ?

ನಾಯಿಬಂಡಿ ಹೊಡೆಯುವ ಎನೋಕ್ ಬೆಳಗಿನಿಂದ ಅದೇ ಚಾವಟಿಗೆ ಗಂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ. ಗ್ರೀನ್‌ಲ್ಯಾಂಡಿನ ಒಳನಾಡಿನ ಹಿಮದ ಮೇಲೆ ಇಂಥ ದಿನ ತಿಂಗಳಿಗೊಂದು ಸಿಕ್ಕರೆ ಹೆಚ್ಚು. ಚೊಕ್ಕ ಬಿಸಿಲು, ಕಾಲಡಿ ಗಟ್ಟಿ ಹಿಮ, ಗಾಳಿಯ ಸುಳಿವೇ ಇಲ್ಲ. ಅಂಥ ದಿನವನ್ನು ಡೆನ್ಮಾರ್ಕಿನಿಂದ ಬಂದ ಡೇನ್ ಯಜಮಾನ ಲುಂಡ್‌ಗೋರ್ ವಿಶ್ರಾಂತಿಯ ದಿನವೆಂದು ಸಾರಿ, ಮಲಗುವ ಚೀಲಗಳನ್ನು ಒಣಗಲು ಬಿಸಿಲಿಗೆ ಹರವಿಸಿ, ತಾನು ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಎನೋಕನಿಗೆ ಇದು ಸರಿಕಾಣಲಿಲ್ಲ. ಆದರೂ ಕೂಲಿಗೆ ಬಂದವನು ಯಾಕೆ ಏನು ಎಂದು ಕೇಳುವ ಪದ್ಧತಿ ನಮ್ಮ ಗ್ರೀನ್‌ಲ್ಯಾಂಡಿನವರಲ್ಲಿಲ್ಲ.

ನಾಯಿಗಳ ಒಣಮೀನು ನಿನ್ನೆಗೇ ಮುಗಿದಿತ್ತು. ಮೊದಲೇ ಹೂತಿಟ್ಟಿದ್ದ ಸೀಲ್ ಮಾಂಸ ಇನ್ನೂ ಐದು ಗಂಟೆಯ ದಾರಿಯಾಚೆ ಇತ್ತು. ತಿನಿಸು ತೀರಿದರೆ ಮುದಿನಾಯಿಯನ್ನು ಕೊಂದು ಉಳಿದವಕ್ಕೆ ಹಾಕುವುದು ಈ ಯಾತ್ರೆಯ ಕಟ್ಟಳೆ. ಮುದಿನಾಯಿ ಎಂದರೆ ತುಲುಗಾಕ್, ಎನೋಕನ ಜಾರುಬಂಡಿಯನ್ನು ಒಂಬತ್ತು ಚಳಿಗಾಲ ಮುಂದೆ ನಿಂತು ಎಳೆದ ಕರಿಯ.

ಮಧ್ಯಾಹ್ನ ಲುಂಡ್‌ಗೋರ್ ಕಾಫಿ ಹಿಡಿದು ಬಂದ. ಕಲಿತಷ್ಟು ನಮ್ಮ ಭಾಷೆಯಲ್ಲೇ ಛೇಡಿಸಿದ.

"ಏನಪ್ಪಾ ಎನೋಕ್, ಎಲ್ಲಿ ನಿನ್ನ ಗಾಳಿ?"

"ಯಾವ ಗಾಳಿ?"

"ನಿನ್ನೆ ಕೇಳಿದ್ನಲ್ಲ, ನಾಳೆ ಗಾಳಿ ಏಳಲ್ವಾ ಅಂತ. ನೀನೇ ಹೂಂ ಅಂದೆ."

"ಅಂದೆ. ಹೂಂ, ಏಳಲ್ಲ ಅಂತ."

ಹರಿದ ಬೂಟು ಹೊಲಿಯುತ್ತಿದ್ದ ಇನ್ನೊಬ್ಬ ಬಂಡಿಯವ ಪಾವಿಯಾ ಬಿದ್ದು ಬಿದ್ದು ನಕ್ಕ, ಎನೋಕನ ಮುಖ ನೋಡಿ ಮತ್ತೆ ಸೂಜಿಗೆ ಬಾಗಿದ. ಏಳಲ್ವಾ ಎಂದು ಕೇಳಿದವನಿಗೆ ನಾವು ಹೂಂ ಎಂದರೆ ಏಳುವುದಿಲ್ಲ ಎಂದೇ ಅರ್ಥ. ಡೇನರ ಕಿವಿಗೆ ಅದು ಏಳುತ್ತದೆ ಎಂದು ಕೇಳುತ್ತದೆ. ಗಾಳಿಯಲ್ಲಿ ಹೊರಡುವುದು ಬೇಡವೆಂದೇ ಲುಂಡ್‌ಗೋರ್ ವಿಶ್ರಾಂತಿ ಸಾರಿದ್ದ. ಒಂದು ಹೂಂಗೆ ಇಡೀ ದಿನ ಮಣ್ಣುಪಾಲು.

ಈಗಲೇ ಹೊರಡೋಣ ಎಂದ ಎನೋಕ್. ಲುಂಡ್‌ಗೋರ್ ಕೆಂಪಗಾದ. ಚೀಲಗಳು ಒದ್ದೆಯಾಗಿವೆ, ಉಪಕರಣಗಳನ್ನು ಬಿಚ್ಚಿಟ್ಟಿದೆ, ಹೇಳಿದ್ದು ಹೇಳಿದ್ದೇ, ನಾಳೆ ನೋಡೋಣ ಎಂದುಬಿಟ್ಟ. ತಪ್ಪು ತನ್ನದೂ ಇದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಮುಂದಿನ ಸಲ ಬರೆದುಕೊಟ್ಬಿಡು ಮಾರಾಯ," ಎಂದ ಪಾವಿಯಾ. ಎನೋಕನಿಗೆ ನಗು ಬರಲಿಲ್ಲ.

ಹೊತ್ತು ಇಳಿಯುತ್ತಲೇ ಹಸಿದ ನಾಯಿಗಳು ಊಳಿಡತೊಡಗಿದವು. ಲುಂಡ್‌ಗೋರ್ ಕೋವಿ ಹಿಡಿದು ಗುಡಾರದಿಂದ ಹೊರಬಂದ. ಅವನೇನೂ ಕಟುಕನಲ್ಲ, ಮುಖ ಸಪ್ಪಗಿತ್ತು. ತುಲುಗಾಕನ ಕಡೆ ನೋಡದೆ ಕೇಳಿದ.

"ಇದನ್ನ ಕೊಲ್ಲೋದು ಬೇಡ್ವಾ, ಎನೋಕ್?"

ನಾಲಗೆಯ ತುದಿಗೆ ಬಂದ ಹೂಂ ಅಲ್ಲೇ ನಿಂತಿತು. ಡೇನನ ಕಿವಿಗೆ ಅದು ಕೊಲ್ಲು ಎಂದು ಕೇಳಿಸೀತು. ಇಲ್ಲ ಎನ್ನೋಣವೆಂದರೆ, ಮಧ್ಯಾಹ್ನದ ಪಾಠ ಕಲಿತು ಈಗ ನಮ್ಮಂತೆಯೇ ಅದನ್ನು ಕೊಲ್ಲು ಎಂದು ತಿಳಿದುಕೊಂಡುಬಿಟ್ಟರೆ? ಬಿಡಿಸಿ ಹೇಳಬಹುದಿತ್ತು. ಆದರೆ ಎನೋಕನಿಗೆ ಮಾತೆಂದರೇ ಹೇಸಿಗೆಯಾಗಿಹೋಗಿತ್ತು.

ಎನೋಕ್ ಕೋವಿಯ ಮುಂದೆಯೇ ಹಾದುಹೋಗಿ, ಜಾರುಬಂಡಿಯ ಮೇಲಿದ್ದ ನಾಯಿಗಳ ಎದೆಪಟ್ಟಿಗಳನ್ನು ತಂದು, ಎಲ್ಲಕ್ಕಿಂತ ಮೊದಲು ತುಲುಗಾಕನ ಕೊರಳಿಗೆ ಹಾಕಿದ. ಮುದಿನಾಯಿ ಅಭ್ಯಾಸದಂತೆ ಮುಂಗಾಲು ಎತ್ತಿಕೊಟ್ಟಿತು. ಇನ್ನೊಂದು ಕಾಲನ್ನು ಪಟ್ಟಿಯೊಳಗೆ ತೂರಿಸುವಾಗ, ಬೆಳಗಿನಿಂದ ಅಲುಗದಿದ್ದ ಅದರ ಬೆನ್ನ ಕೂದಲು ಗಾಳಿಗೆ ಮೆಲ್ಲಗೆ ಒಂದು ಪಕ್ಕಕ್ಕೆ ಬಾಗಿತು.