ಗುಂಗುರು ಕೂದಲಿನ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿನಲ್ಲೇ ದೊಡ್ಡ ಸಲೂನಿನ ಕೆಲಸ ಬಿಟ್ಟೆ. ಹನ್ನೊಂದು ವರ್ಷ ಅಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವಳು ನಾನು. ಗುಂಗುರು ಕೂದಲನ್ನು ಒದ್ದೆ ಮಾಡಿ ಕತ್ತರಿಸಬಾರದು, ಒದ್ದೆಯಾದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ ಅಂತ ಒಡತಿಗೆ ಸಾವಿರ ಸಲ ಹೇಳಿದ್ದೆ. ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರೇ ಬರಲಿ, ಮೊದಲು ತಲೆಗೆ ನೀರು, ಆಮೇಲೆ ಕತ್ತರಿ. ಗಿಡ್ಡವಾಯಿತೆಂದು ಗಿರಾಕಿ ಮುಖ ಸಪ್ಪೆ ಮಾಡಿಕೊಂಡರೆ ಹೇಳಬೇಕಾದ ಮಾತನ್ನೂ ಆಕೆಯೇ ಕಲಿಸಿದ್ದಳು: "ಈಗ ಇದೇ ಸ್ಟೈಲ್."

"ಹೋಗು, ಹೋಗು. ತಿಂಗಳೊಳಗೆ ಬಾಲ ಮುದುರಿಕೊಂಡು ಬರ್ತೀಯ," ಅಂದಳು, ನಾನು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಒಗೆದಾಗ. ಅದೇ ಬೀದಿಯಲ್ಲಿ ಎಂಟು ಮನೆ ಆಚೆಗಿರುವ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಹಳೆ ಕುರ್ಚಿ ಇಟ್ಟು ನನ್ನದೇ ಅಂಗಡಿ ಶುರು ಮಾಡಿದೆ.

ಅಣ್ಣ ಒಪ್ಪಿದ್ದ. ಅತ್ತಿಗೆ ಒಪ್ಪಬೇಕಲ್ಲ. "ಒಂದು ತಿಂಗಳು ನೋಡೋಣ," ಅಂದಳು. "ಗಿರಾಕಿ ಬಂದ್ರೆ ಸರಿ. ಇಲ್ಲಾಂದ್ರೆ ಟೈಲರ್ ಕೇಳ್ತಿದ್ದಾನೆ. ಅವನು ಬಾಡಿಗೆ ಕೊಡ್ತಾನೆ, ನೀನು ಬರೀ ಉಪದೇಶ ಕೊಡ್ತೀಯ."

ಕೋಣೆ ಹೋದರೆ ನನಗೆ ಉಳಿದಿದ್ದು ಒಂದೇ ದಾರಿ, ಒಡತಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಲ್ಲುವುದು. ಅದಕ್ಕಿಂತ ನನ್ನ ತಲೆಯನ್ನೇ ಬೋಳಿಸಿಕೊಳ್ಳುತ್ತಿದ್ದೆ.

ಜಾಹೀರಾತಿಗೆ ಕಾಸಿಲ್ಲ. ಅಣ್ಣನ ಆಫೀಸಿನ ರದ್ದಿ ಹಾಳೆಗಳ ಬೆನ್ನಿಗೆ 'ಗುಂಗುರು ಕೂದಲನ್ನು ಒಣಗಿದ್ದಾಗಲೇ ಕತ್ತರಿಸುತ್ತೇವೆ' ಎಂದು ಬರೆದೆ. ಬಸ್ ಸ್ಟಾಪಿನಲ್ಲಿ, ಔಷಧಿ ಅಂಗಡಿಯಲ್ಲಿ, ಲಾಂಡ್ರಿಯ ಬಾಗಿಲಲ್ಲಿ ಹಂಚಿದೆ. ಮೂರು ವಾರ ನೊಣ ಹೊಡೆಯುತ್ತಾ ಕೂತೆ. ಬಂದವಳು ಅತ್ತಿಗೆಯ ತಾಯಿ ಒಬ್ಬಳೇ, ಅದೂ ಉಗುರು ಕತ್ತರಿಸಿಕೊಳ್ಳಲು.

"ಅರ್ಧ ರೇಟು ಅಂತ ಬೋರ್ಡ್ ಹಾಕು," ಅಂದ ಅಣ್ಣ.

"ಅರ್ಧ ತಲೆಗೇ ಕಟಿಂಗ್ ಅಂದ್ಕೋತಾರೆ," ಅಂದೆ.

ತಿಂಗಳು ಮುಗಿಯಲು ಇನ್ನೊಂದೇ ವಾರ ಉಳಿದಿದ್ದ ಶನಿವಾರ ತಲೆ ಕೆಟ್ಟುಹೋಗಿ ಕುರ್ಚಿಯನ್ನೇ ಫುಟ್‌ಪಾತಿಗೆ ಎಳೆದು ತಂದೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಮೊದಲು ಕೂತವರಿಗೆ ಬಿಟ್ಟಿ. ಎಲ್ಲರ ಎದುರಿಗೇ ಕಟಿಂಗ್.' ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನರ್ಸ್ ಒಬ್ಬಳು, ತಲೆತುಂಬಾ ಗುಂಗುರು, ಧೈರ್ಯ ಮಾಡಿ ಕೂತಳು. ಹತ್ತು ಹನ್ನೆರಡು ಜನ ಸುತ್ತ ನಿಂತರು. ಎದುರಿನ ಫುಟ್‌ಪಾತಿನಲ್ಲಿ ಒಡತಿಯೂ ಕೈ ಕಟ್ಟಿಕೊಂಡು ನಿಂತಿದ್ದಳು.

ಅವಳನ್ನು ಕಂಡಿದ್ದೇ ನನ್ನ ಬಾಯಿ ಬಿಚ್ಚಿಕೊಂಡಿತು. ಒಣ ಕೂದಲು ಯಾಕೆ, ಒದ್ದೆ ಯಾಕೆ ಬೇಡ ಎಂದು ಅವಳಿಗೆ ಕೇಳುವ ಹಾಗೆ ಭಾಷಣ ಬಿಗಿಯುತ್ತಿದ್ದೆ. ಬಾಯಿ ಅದರ ಪಾಡಿಗೆ ಅದು, ಕೈ ಅದರ ಪಾಡಿಗೆ ಅದು. ಹನ್ನೊಂದು ವರ್ಷದ ಅಭ್ಯಾಸ ನೋಡಿ, ಕೈ ನೀರಿನ ಬಾಟಲಿ ಎತ್ತಿ ನರ್ಸ್‌ನ ಮುಂಗೂದಲನ್ನು ಒದ್ದೆ ಮಾಡಿ, ಹುಬ್ಬಿನ ಮಟ್ಟಕ್ಕೆ ಕಚಕಚನೆ ಕತ್ತರಿಸಿಯೂ ಆಗಿತ್ತು. ಬಿಸಿಲಿಗೆ ಒಣಗುತ್ತಾ ಒಣಗುತ್ತಾ ಅದು ಹಣೆಯ ಅರ್ಧಕ್ಕೆ ಏರಿ ಕೂತಿತು.

ನರ್ಸ್ ಕೈಗನ್ನಡಿ ನೋಡಿಕೊಂಡಳು. "ನಾಡಿದ್ದು ಆಸ್ಪತ್ರೆ ಕಾರ್ಡಿಗೆ ಫೋಟೋ ತೆಗೀತಾರೆ. ಐದು ವರ್ಷ ಕುತ್ತಿಗೇಲಿ ನೇತಾಡತ್ತೆ," ಅಂದಳು ಮೆಲ್ಲಗೆ.

'ಈಗ ಇದೇ ಸ್ಟೈಲ್' ಅನ್ನುವ ಆ ಹಾಳು ಮಾತು ನಾಲಿಗೆ ತುದಿಗೆ ಬಂತು. ಹೇಳಿಬಿಟ್ಟಿದ್ದರೆ ಅವಳು ನಂಬುತ್ತಿದ್ದಳು, ಸುತ್ತ ನಿಂತವರೂ ನಂಬುತ್ತಿದ್ದರು. ಒಡತಿ ಆಗಲೇ ನಗಲು ತಯಾರಾಗಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ನನ್ನ ತಪ್ಪು," ಅಂದೆ, ಬೀದಿಗೆಲ್ಲ ಕೇಳುವಂತೆ. "ಒದ್ದೆ ಮಾಡಬಾರದು ಅಂತ ಬಾಯಲ್ಲಿ ಹೇಳ್ತಾ ಕೈಯಲ್ಲಿ ಅದನ್ನೇ ಮಾಡಿದೆ. ಮಿಕ್ಕಿದ್ದನ್ನ ಒಣಗಿದ್ದಾಗಲೇ ಕತ್ತರಿಸಿ ಇದಕ್ಕೆ ಹೊಂದಿಸ್ತೀನಿ. ಇದು ಬೆಳೆಯೋವರೆಗೂ ಬನ್ನಿ, ಒಂದು ಕಾಸೂ ಬೇಡ."

ನರ್ಸ್ ಕೈಗನ್ನಡಿ ಕೆಳಗಿಟ್ಟಳು. "ನಮ್ಮ ಆಸ್ಪತ್ರೇಲಿ ಇಷ್ಟು ಬೇಗ ಯಾರೂ ಒಪ್ಕೊಳ್ಳಲ್ಲ," ಅಂದು ನಕ್ಕು ಮತ್ತೆ ಒರಗಿ ಕೂತಳು.

ಅವಳು ಎದ್ದಮೇಲೆ, ಅಷ್ಟು ಹೊತ್ತೂ ನೋಡುತ್ತಾ ನಿಂತಿದ್ದ ಬ್ಯಾಂಕಿನ ಗುಮಾಸ್ತೆಯೊಬ್ಬಳು ಮುಂದೆ ಬಂದಳು. ಅವಳದೂ ಗುಂಗುರೇ, ಬಿಗಿಯಾಗಿ ಕಟ್ಟಿದ್ದಳು. "ಮೂರು ವರ್ಷದ ಹಿಂದೆ ದೊಡ್ಡ ಸಲೂನಲ್ಲಿ ನಂಗೂ ಹೀಗೇ ಆಯ್ತು. ಇದೇ ಸ್ಟೈಲ್ ಅಂದ್ರು. ನನ್ನ ಮುಖಾನೇ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಕೂದಲು ಬಿಟ್ಕೊಂಡು ಆಚೆ ಹೋಗಿದ್ದೇ ಇಲ್ಲ," ಅಂದಳು. ನನ್ನ ಕಡೆ ಬೆರಳು ಮಾಡಿ ಸೇರಿಸಿದಳು, "ಹೇಳಿದ್ದು ನೀವೇ."

ನನಗೆ ಅವಳ ನೆನಪೇ ಇರಲಿಲ್ಲ. ನಾಚಿಕೆಯಾಯಿತು. ಅಲ್ಲಿಯವರೆಗೆ ಎಲ್ಲ ಪಾಪವನ್ನೂ ಒಡತಿಯ ತಲೆಗೆ ಕಟ್ಟಿ ಆರಾಮಾಗಿದ್ದವಳು ನಾನು.

"ಒಳಗೆ ಹೋಗಿ ಮಾತಾಡು. ಬೀದೀಲಿ ಯಾಕೆ ಮಾನ ಕಳ್ಕೋತೀಯ?" ಎದುರಿನಿಂದ ಒಡತಿಯ ದನಿ.

"ಮಾನ ಹೋಗಿದ್ದು ಇಲ್ಲಲ್ಲ, ನಿಮ್ಮ ಕನ್ನಡಿ ಮುಂದೆ," ಅಂದೆ. "ಹೌದು, ಹೇಳಿದ್ದು ನಾನೇ. ಸುಳ್ಳು ಹೇಳಿದ್ದೆ. ಇವರ ಮುಖಕ್ಕೆ ಏನೂ ಆಗಿರಲಿಲ್ಲ."

ಗುಮಾಸ್ತೆ ಗಂಟು ಬಿಚ್ಚಿ ಕುರ್ಚಿಯಲ್ಲಿ ಕೂತಳು. "ನೀರು ಮುಟ್ಟಿದ್ರೆ ಎದ್ದು ಹೋಗ್ತೀನಿ," ಅಂದಳು. ಬಾಟಲಿಯನ್ನು ಚರಂಡಿಗೆ ಬಗ್ಗಿಸಿ ಬಂದೆ. ಒಂದೊಂದೇ ಸುರುಳಿ ಹಿಡಿದು, ಬಾಯಿ ಮುಚ್ಚಿಕೊಂಡು ಕತ್ತರಿಸಿದೆ. ಮುಗಿದ ಮೇಲೆ ಅವಳು ಕೂದಲು ಕಟ್ಟಲಿಲ್ಲ, ಹಾಗೇ ಬಿಟ್ಟುಕೊಂಡು ಒಡತಿಯ ಮುಂದಿನಿಂದಲೇ ನಡೆದು ಹೋದಳು.

ಆ ಸಂಜೆ ರಟ್ಟು ತಿರುಗಿಸಿ ಹೊಸದಾಗಿ ಬರೆದೆ: 'ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಕೂದಲು ಹಾಳಾದವರು ಬನ್ನಿ. ಬೈಯುವುದು ಬಿಟ್ಟಿ. ಕಟಿಂಗಿಗೆ ಮಾತ್ರ ದುಡ್ಡು.' ಅಣ್ಣ ಓದಿ ಹಣೆ ಚಚ್ಚಿಕೊಂಡ. ನಾನು ಅದನ್ನು ಬಾಗಿಲಿಗೇ ಮೊಳೆ ಹೊಡೆದು ಸಿಕ್ಕಿಸಿದೆ.

ಸೋಮವಾರ ಇಬ್ಬರು ಬಂದರು. ಒಬ್ಬಳು ಬೈದಳು, ಇನ್ನೊಬ್ಬಳು ಜೊತೆಗೆ ತಂಗಿಯನ್ನೂ ಕರೆತಂದಿದ್ದಳು, ಇಬ್ಬರೂ ಸೇರಿ ಬೈದರು. ಬುಧವಾರದ ಹೊತ್ತಿಗೆ ನಾನು ಊಟಕ್ಕೆ ಎದ್ದಿದ್ದೇ ಮೂರು ಗಂಟೆಗೆ.

ತಿಂಗಳ ಕೊನೆಯ ದಿನ ಅತ್ತಿಗೆ ಕೋಣೆ ತೋರಿಸಲು ಟೈಲರ್‌ನನ್ನು ಕರೆದುಕೊಂಡು ಬಂದಳು. ಒಳಗೆ ಬರಲು ದಾರಿಯಿರಲಿಲ್ಲ. ಮೆಟ್ಟಿಲ ಮೇಲೆ ಐದು ಜನ ಹೆಂಗಸರು ಕೂತಿದ್ದರು.

"ಇವರೆಲ್ಲಾ ಯಾರು?" ಅತ್ತಿಗೆ ಕೇಳಿದಳು.

"ನಾನು ಹಾಳು ಮಾಡಿದವರು," ಅಂದೆ, ಕತ್ತರಿ ನಿಲ್ಲಿಸದೆ.

"ಇನ್ನೂ ಎಷ್ಟು ಜನ ಇದ್ದಾರೆ ಹೀಗೆ?"

"ಹನ್ನೊಂದು ವರ್ಷದ್ದು, ಅತ್ತಿಗೆ."

ಅತ್ತಿಗೆ ಮೆಟ್ಟಿಲ ಮೇಲಿದ್ದ ತಲೆಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಟೈಲರ್‌ನ ಕಡೆ ತಿರುಗಿದಳು. "ನೀವು ಬೇರೆ ಕೋಣೆ ನೋಡ್ಕೊಳ್ಳಿ. ಇವಳ ಪಾಪ ತೀರೋ ಹೊತ್ತಿಗೆ ನಮಗೆಲ್ಲ ವಯಸ್ಸಾಗಿರತ್ತೆ."