ಕೆಮ್ಮಿನ ಮೇಲೊಂದು ಬೀಪ್

ಸತ್ತು ಎಷ್ಟೋ ವರ್ಷಗಳಾದ ಮೇಲೆ ಅಪ್ಪನ ಬಾಯಿಗೆ ಊರಿನವರು ಒಂದು ಬೈಗುಳ ತುರುಕಿದರು.

ಅಪ್ಪ ಹರೆಯದಲ್ಲಿ ಉದ್ದ ಕೂದಲು ಬಿಟ್ಟು ರಾಕ್ ತಂಡವೊಂದರಲ್ಲಿ ಹಾಡಿದವನು. ಆ ತಂಡದಿಂದ ಉಳಿದದ್ದು ಒಂದೇ ರೆಕಾರ್ಡು. ಮಗಳು ರೇಡಿಯೋ ಕೇಂದ್ರದಲ್ಲಿ ನಿರೂಪಕಿ. ವಾರಕ್ಕೊಮ್ಮೆ ಹಳೆಯ ರಾಕ್ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದಳು, ಕೊನೆಗೆ ಅಪ್ಪನ ಹಾಡು ಹಾಕಿ ಎದ್ದು ಬರುತ್ತಿದ್ದಳು. ಕೇಳುವವರು ಬೆರಳೆಣಿಕೆಯಷ್ಟು. ಅವರಲ್ಲಿ ಅಮ್ಮನೂ ಒಬ್ಬಳು, ಅದೂ ತರಕಾರಿ ಹೆಚ್ಚುತ್ತ ಅರ್ಧ ಕಿವಿ ಮಾತ್ರ.

ಎರಡನೇ ಚರಣ ಮುಗಿದು ಗಿಟಾರ್ ಶುರುವಾಗುವ ಸಂದಿನಲ್ಲಿ ಹಾಡುಗಾರ ಲೋಕದ ತಾಯಂದಿರನ್ನೆಲ್ಲ ಸೇರಿಸಿ ಹೊಲಸು ಮಾತೊಂದನ್ನು ಗೊಣಗಿದ್ದಾನೆ ಎಂದು ಯಾರೋ ಪುಣ್ಯಾತ್ಮ ಹಬ್ಬಿಸಿದ. ಅಲ್ಲಿದ್ದದ್ದು ಕೆಮ್ಮು. ಧ್ವನಿಮುದ್ರಣದ ದಿನ ಮತ್ತೊಮ್ಮೆ ಹಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಕೆಮ್ಮು ಹಾಗೇ ಉಳಿದಿತ್ತು. ದೂರುಗಳು ಬಂದವು. ದೂರು ಕೊಟ್ಟವರಲ್ಲಿ ಹೆಚ್ಚಿನವರು, ಖಚಿತಪಡಿಸಿಕೊಳ್ಳಲೆಂದು, ಹಾಡನ್ನು ಮತ್ತೆ ಹಾಕಿ ಎಂದೂ ಕೋರಿದ್ದರು.

ಅಮ್ಮನಿಗೆ ಮೊದಮೊದಲು ನಗು. "ನಿಮ್ಮಪ್ಪ ಬೈಗುಳಾನ ಬಚ್ಚಿಡೋ ಪೈಕಿನಾ? ಉಪ್ಪು ಹೆಚ್ಚಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ರು," ಎಂದಳು. ಆದರೆ ಅಂಗಡಿಯ ಸಾಲಿನಲ್ಲಿ ಯಾರೋ ಅವಳನ್ನು ನೋಡಿ ಪಿಸುಗುಟ್ಟಿದ ಮೇಲೆ ಆ ವಾರ ರೇಡಿಯೋ ಹಾಕಲಿಲ್ಲ. ಅದು ಮಗಳಿಗೆ ಚುಚ್ಚಿತು. ಅಪ್ಪನ ಹೆಸರು ತೊಳೆಯದೆ ಬಿಡಬಾರದು ಎಂದುಕೊಂಡಳು.

ಕೇಂದ್ರದ ಮುಖ್ಯಸ್ಥರು ಅತ್ತ ದರಿ ಇತ್ತ ಪುಲಿ ಎಂಬಂಥ ಜಾಗದಲ್ಲೂ ಕುರ್ಚಿ ಅಲುಗದಂತೆ ಕೂರಬಲ್ಲವರು. ಹಾಡನ್ನು ಅವರು ಕೇಳಲಿಲ್ಲ. ಕೇಳಿದರೆ ಅಭಿಪ್ರಾಯ ಹೇಳಬೇಕಾಗುತ್ತದೆ. ದೂರು ಬಂದ ಜಾಗಕ್ಕೆ ಬೀಪ್ ಹಾಕುವುದು ಕೇಂದ್ರದ ಪದ್ಧತಿ, ಹಾಕಿ ಎಂದರು. ಅಲ್ಲಿರುವುದು ಬರೀ ಕೆಮ್ಮು ಎಂದು ಅವಳು ಹೇಳಿದ್ದಕ್ಕೆ, ಕೆಮ್ಮಿಗೆ ಬೀಪ್ ಹಾಕಿದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಿದರು.

ಹೋದದ್ದು ಅಪ್ಪನ ಮಾನ. ಬೀಪ್ ಕೇಳಿದ್ದೇ ತಡ, ಅಲ್ಲಿಯವರೆಗೆ ಅನುಮಾನಿಸುತ್ತಿದ್ದವರಿಗೂ ನಂಬಿಕೆ ಬಂತು. ಏನೂ ಇಲ್ಲದಿದ್ದರೆ ಮುಚ್ಚುವುದೇಕೆ? ಒಂಟಿಯಾಗಿದ್ದ ಬೈಗುಳ ಬೀಪಿನಡಿ ಬೆಚ್ಚಗೆ ಮರಿ ಹಾಕಿತು. ತಾಯಿಯ ಜೊತೆಗೆ ಅಕ್ಕ ಸೇರಿದಳು, ಅತ್ತೆ ಸೇರಿದಳು, ಕೊನೆಗೆ ಕತ್ತೆಯೂ ಸೇರಿತು. ಕೇಳುಗರು ಎಂದೂ ಇಲ್ಲದಷ್ಟು ಹೆಚ್ಚಿದರು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಹಾಡಿನುದ್ದಕ್ಕೂ ಹರಟಿ, ಬೀಪ್ ಬರುವಾಗ ಮಾತ್ರ ಒಬ್ಬರನ್ನೊಬ್ಬರು ಸುಮ್ಮನಾಗಿಸಿದರು. ಮುಖ್ಯಸ್ಥರು ಕಾರ್ಯಕ್ರಮವನ್ನು ಅರ್ಧ ಗಂಟೆ ಬೆಳೆಸಿದರು.

ಒಂದು ವಾರ ಅವಳು ಯಾರಿಗೂ ಹೇಳದೆ ಬೀಪಿಲ್ಲದ ಮೂಲ ಪ್ರತಿಯನ್ನೇ ಹಾಕಿದಳು. ಕೆಮ್ಮು ನಿಚ್ಚಳವಾಗಿ ಕೇಳಿತು. ಫೋನುಗಳು ಬಡಿದುಕೊಂಡವು. ಬೈಗುಳ ಕಿತ್ತು ಕೆಮ್ಮು ಅಂಟಿಸಿದ್ದೀರಿ, ಇದು ಕೇಳುಗರಿಗೆ ಬಗೆದ ದ್ರೋಹ ಎಂದು ನಿವೃತ್ತ ಹೆಡ್‌ಮಾಸ್ತರರೊಬ್ಬರು ಗದ್ಗದಿತರಾದರು.

ಮುಖ್ಯಸ್ಥರು ಕರೆಸಿದರು. "ನೋಡಮ್ಮಾ, ನಿಮ್ಮ ತಂದೆ ಅಂದ್ರೋ ಬಿಟ್ರೋ, ನಂಗೆ ಬೇಡ. ಜನಕ್ಕೆ ಬೀಪ್ ಬೇಕು. ಬೀಪ್ ಇಲ್ಲ ಅಂದ್ರೆ ಹಾಡೂ ಇಲ್ಲ."

"ಜನಕ್ಕೆ ಬೇಕಾಗಿರೋದು ಬೀಪ್ ಅಲ್ಲ ಸಾರ್," ಎಂದಳು ಅವಳು. ಮುಖ್ಯಸ್ಥರು ಆಗಲೇ ಬೇರೆ ಫೋನು ಎತ್ತಿಕೊಂಡಿದ್ದರು.

ಮುಂದಿನ ವಾರ ಅಪ್ಪನ ಸರದಿ ಬಂದಾಗ ಅವಳು ರೆಕಾರ್ಡು ಹಾಕಲಿಲ್ಲ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ನೀವು ಕಾಯುತ್ತಿರುವುದನ್ನು ಇವತ್ತು ಹಾಡಿನ ಕಾಟವಿಲ್ಲದೆ ಕೊಡುತ್ತೇನೆ ಎಂದಳು. ಆಮೇಲೆ ದೂರುಗಳಲ್ಲಿದ್ದ ಬೈಗುಳಗಳನ್ನೆಲ್ಲ, ತಾಯಿಯಿಂದ ಹಿಡಿದು ಕತ್ತೆಯವರೆಗೆ, ವಾರ್ತೆ ಓದುವ ಸ್ವಚ್ಛ ಉಚ್ಚಾರಣೆಯಲ್ಲಿ ಒಂದೊಂದಾಗಿ ಹೇಳಿದಳು. ಗಾಜಿನಾಚೆ ಬೀಪಿನ ಗುಂಡಿಗೆ ಕೈ ಚಾಚಿದ ತಂತ್ರಜ್ಞ ಬಾಯಿ ತೆರೆದು ಕೇಳುತ್ತ ಒತ್ತುವುದನ್ನೇ ಮರೆತ.

ಅವತ್ತು ಒಂದು ಫೋನೂ ಬರಲಿಲ್ಲ. ಇದನ್ನು ಕೇಳಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಜೆಯೊಳಗೆ ಕೆಲಸ ಹೋಯಿತು. ವಾರ ಕಳೆಯುವಷ್ಟರಲ್ಲಿ ಊರು ಹೊಸ ತೀರ್ಪು ಕೊಟ್ಟಿತ್ತು: ಹಾಡುಗಾರ ಪಾಪ ಮರ್ಯಾದಸ್ಥ, ಮಗಳ ಬಾಯಿಯೇ ಬಚ್ಚಲು. ಬೈಗುಳ ಅಪ್ಪನ ಹೆಸರಿನಿಂದ ಅವಳ ಹೆಸರಿಗೆ ವರ್ಗವಾಯಿತು. ಹೊರಲು ಅವಳಿಗೇನೂ ಭಾರವಾಗಲಿಲ್ಲ.

ಅಮ್ಮ ಅಂದು ರೇಡಿಯೋ ಹಾಕಿದ್ದಳಂತೆ, ಎರಡೂ ಕಿವಿ ಕೊಟ್ಟು. ಮಗಳ ಮುಂದೆ ತಟ್ಟೆ ಇಟ್ಟಳು.

"ಆ ಮೂರನೇದು," ಎಂದಳು ಬಡಿಸುತ್ತ, "ನಿಮ್ಮಪ್ಪಂಗೂ ಗೊತ್ತಿರ್ಲಿಲ್ಲ ಕಣೆ."